ಹೆಸರಿಲ್ಲದ ನೋವಿಗೆ ಸ್ಟೂಲಿಲ್ಲ

ಬೆಳಿಗ್ಗೆ ಆರು ಮುಕ್ಕಾಲಿಗೆ ಅವಳು ಎರಡನೇ ರೋಲರಿನ ಮುಂದೆ ಬಿದ್ದಳು. ಒದ್ದೆ ಬೆಡ್‌ಶೀಟಿನ ಒಂದು ತುದಿ ಇನ್ನೂ ಅವಳ ಮುಷ್ಟಿಯಲ್ಲಿತ್ತು. ಇನ್ನೊಂದು ತುದಿಯನ್ನು ಬಿಸಿ ರೋಲರು ಒಳಗೆ ಎಳೆದುಕೊಳ್ಳುತ್ತಿತ್ತು. ಜೊತೆಗೆ ನಿಂತಿದ್ದ ಹೆಂಗಸು ಕೆಂಪು ಗುಂಡಿ ಒತ್ತದಿದ್ದರೆ ಬಟ್ಟೆಯ ಹಿಂದೆ ಕೈಯೂ ಹೋಗುತ್ತಿತ್ತು.

"ಯಾವಳೇ ಅವಳು ಮೆಷಿನ್ ನಿಲ್ಸಿದ್ದು?" ಎನ್ನುತ್ತ ಮೇಸ್ತ್ರಿ ತನ್ನ ಗಾಜಿನ ಕೋಣೆಯಿಂದ ಹೊರಗೆ ಬಂದ. ಮೊಣಕಾಲನ್ನು ಹೊಟ್ಟೆಗೆ ಒತ್ತಿಕೊಂಡು ನೆಲದ ಮೇಲೆ ಮುದುಡಿದ್ದವಳನ್ನು ಕಂಡ. "ಓಹೋ, ಮಹಾರಾಣಿಯೋರಾ! ಏಳೇ ಮೇಲೆ. ಪಲ್ಲಕ್ಕಿ ತರಿಸ್ಲಾ?"

"ಹೊಟ್ಟೆನೋವು ಸಾರ್."

"ಯಾವತ್ತು ನೋವಿರಲ್ವೋ ಅವತ್ತು ಹೇಳು. ಸಿಹಿ ಹಂಚ್ತೀನಿ."

ಅದು ದೊಡ್ಡ ಆಸ್ಪತ್ರೆಯ ನೆಲಮಾಳಿಗೆ. ಮೇಲಿನ ಐದು ಮಹಡಿಗಳ ಹಾಸಿಗೆ ಬಟ್ಟೆ, ದಿಂಬಿನ ಚೀಲ, ಆಪರೇಷನ್ ಕೋಣೆಯ ಹಸಿರು ಬಟ್ಟೆ ಎಲ್ಲವೂ ಇಲ್ಲಿಗೆ ಬಂದು, ಒಗೆದು, ಹಿಂಡಿ, ರೋಲರಿನಲ್ಲಿ ಒಣಗಿ ಮತ್ತೆ ಮೇಲೆ ಹೋಗುತ್ತಿದ್ದವು. ಕೆಲಸ ಮಾಡುವವರೆಲ್ಲ ಹೆಂಗಸರು, ಆಸ್ಪತ್ರೆಯವರಲ್ಲ, ಗುತ್ತಿಗೆದಾರನವರು. ಬಿದ್ದವಳು ಅವರೆಲ್ಲರಿಗಿಂತ ಒಂದು ಗೇಣು ಎತ್ತರ. ಹಾಗಾಗಿ ಅವಳನ್ನು ಉದ್ದಿ ಅನ್ನುತ್ತಿದ್ದರು. ಗುಂಡಿ ಒತ್ತಿದವಳ ಬಾಯಿಗೆ ಬಿಡುವೇ ಇಲ್ಲ. ಅವಳು ರೇಡಿಯೋ.

"ಸಾರ್, ಅವಳನ್ನ ಮಡಿಸೋ ಟೇಬಲ್‌ಗೆ ಹಾಕಿ ಸಾರ್. ಕೂತ್ಕೊಂಡು ದಿಂಬಿನ ಚೀಲ ಮಡಿಸ್ಲಿ," ಎಂದಳು ರೇಡಿಯೋ.

"ಕೂತ್ಕೊಂಡು? ಕುಂಡಿ ಊರಕ್ಕೆ ಸ್ಟೂಲ್ ಬೇಕಾ ಇವಳಿಗೆ? ಚೀಟಿ ಎಲ್ಲಿ?"

ನೆಲಮಾಳಿಗೆಯಲ್ಲಿ ಹೆಂಗಸರಿಗೆಂದು ಇದ್ದದ್ದು ಒಂದೇ ಸ್ಟೂಲು. ಅದು ಮೇಸ್ತ್ರಿಯ ಕೋಣೆಯೊಳಗೆ, ಬೀರುವಿನ ಮೇಲೆ, ಕಾಲು ಮೇಲಾಗಿ ಇರುತ್ತಿತ್ತು. ಡಾಕ್ಟರ ಚೀಟಿಯಲ್ಲಿ ಕಾಯಿಲೆಗೆ ಒಂದು ಹೆಸರಿದ್ದರೆ ಮಾತ್ರ ಕೆಳಗಿಳಿಯುತ್ತಿತ್ತು. ಬೆನ್ನಿನ ಎಲುಬು ಜಾರಿದವಳಿಗೆ ಒಮ್ಮೆ ಸಿಕ್ಕಿತ್ತು. ಬಸುರಿಯೊಬ್ಬಳಿಗೆ ಹೆರಿಗೆಯ ಹಿಂದಿನ ವಾರ ಸಿಕ್ಕಿತ್ತು. ಈ ನಿಯಮವನ್ನು ಯಾರು ಮಾಡಿದರು ಎಂದು ಯಾರಿಗೂ ಗೊತ್ತಿರಲಿಲ್ಲ. ಆದರೆ ಮುರಿದವರೂ ಇರಲಿಲ್ಲ.

"ಡಾಕ್ಟರು ಇನ್ನೂ ನೋಡ್ತಾ ಇದಾರೆ ಸಾರ್. ಇವತ್ತು ರಿಪೋರ್ಟ್ ಬರುತ್ತೆ," ಎಂದಳು ಉದ್ದಿ, ಟ್ರಾಲಿ ಹಿಡಿದು ಏಳುತ್ತ.

"ಬರ್ಲಿ. ಚೀಟಿ ತಂದ್ರೆ ಸ್ಟೂಲು. ತರ್ದೆ ಇನ್ನೊಂದ್ಸಲ ಬಿದ್ಯೋ, ಗೇಟಿನ ಆಚೆ ಹೋಗಿ ಬೀಳು. ನಿನ್ನ ಜಾಗಕ್ಕೆ ಹತ್ತು ಜನ ಕಾಯ್ತಾ ಇದಾರೆ."

ಅವನು ಬೆನ್ನು ತಿರುಗಿಸಿದ ಕೂಡಲೇ ರೋಲರಿನ ಆಚೆ ಬದಿಯಲ್ಲಿ ಬಟ್ಟೆ ಹಿಡಿಯುತ್ತಿದ್ದ, ಅಲ್ಲಿ ಎಲ್ಲರಿಗಿಂತ ಹಿರಿಯಳಾದ ದೊಡ್ಡಕ್ಕ ಆಗತಾನೆ ಹೊರಬಿದ್ದ ಬೆಡ್‌ಶೀಟನ್ನು ನಾಲ್ಕು ಮಡಿಕೆ ಮಾಡಿ ಕೊಟ್ಟಳು. ಕೈ ಸುಡುವಷ್ಟು ಬಿಸಿ. ಉದ್ದಿ ಅದನ್ನು ಸೀರೆಯ ಮೇಲಿಂದಲೇ ಹೊಟ್ಟೆಗೆ ಒತ್ತಿಕೊಂಡು ಗೋಡೆಗೆ ಒರಗಿದಳು. ಮುಟ್ಟಿನ ದಿನಗಳಲ್ಲಿ ಎಲ್ಲರೂ ಮಾಡುತ್ತಿದ್ದದ್ದು ಅದನ್ನೇ. ಬಟ್ಟೆ ಆರಿದ ಮೇಲೆ ದೊಡ್ಡಕ್ಕ ಅದನ್ನು ವಾಪಸು ಇಸಿದುಕೊಂಡು ಮೂರನೇ ವಾರ್ಡಿನ ಗಂಟಿಗೆ ಸೇರಿಸಿದಳು.

ಮಧ್ಯಾಹ್ನ ದೊಡ್ಡ ಡಾಕ್ಟರ ಕೋಣೆಯಲ್ಲಿ ಅವರ ಸುತ್ತ ಡಾಕ್ಟರಿಕೆ ಓದುವ ಹುಡುಗ ಹುಡುಗಿಯರು ನಿಂತಿದ್ದರು. ಡಾಕ್ಟರು ಕಾಗದಗಳನ್ನು ಒಂದರ ಹಿಂದೆ ಒಂದು ಮಗುಚಿದರು. ರಕ್ತ, ಸ್ಕ್ಯಾನು, ಗಂಟಲೊಳಗೆ ಕೊಳವೆ ಇಳಿಸಿ ತೆಗೆದ ಚಿತ್ರ.

"ಎಲ್ಲಾ ನಾರ್ಮಲ್ ಇದೆಯಮ್ಮ."

"ಹಂಗಾದ್ರೆ ನೋಯ್ತಾ ಇರೋದು ಏನು ಸಾರ್?"

ಹಿಂದೆ ನಿಂತಿದ್ದ ಯಾರೋ ನಕ್ಕರು. ಡಾಕ್ಟರು ಅವಳಿಗೆ ಮಂಚದ ಮೇಲೆ ಮಲಗಲು ಹೇಳಿ, ವಿದ್ಯಾರ್ಥಿಗಳ ಕಡೆ ತಿರುಗಿ, "ಒಬ್ಬೊಬ್ಬರಾಗಿ ನೋಡಿ," ಎಂದರು. ಅವಳನ್ನು ಯಾರೂ ಕೇಳಲಿಲ್ಲ. ಒಬ್ಬ ಸೀರೆಯ ನೆರಿಗೆ ಸಡಿಲಿಸಿದ. ಒಬ್ಬೊಬ್ಬರೂ ಬಂದು ಬೆರಳು ಊರಿ, "ಇಲ್ಲಿ ನೋವಾ? ಇಲ್ಲಿ?" ಎಂದು ಕೇಳಿದರು. ಒಬ್ಬರು ಒತ್ತಿ ನೋಯಿಸಿದ ಜಾಗವನ್ನೇ ಮುಂದಿನವರು ಒತ್ತುತ್ತಿದ್ದರು. ಎಡ ಪಕ್ಕೆಲುಬಿನ ಕೆಳಗೆ ಕೈ ಬಂದಾಗಲೆಲ್ಲ ಅವಳು ಮಂಚದ ಕಂಬಿ ಹಿಡಿದಳು. ಕೊನೆಯ ಹುಡುಗಿ ಮಾತ್ರ ಮುಟ್ಟುವ ಮೊದಲು ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡಳು. "ಸಾರಿ ಅಕ್ಕಾ," ಎಂದು ಪಿಸುಗುಟ್ಟಿದಳು.

"ಹೆಂಗೆ ನೋಯುತ್ತೆ? ಚುಚ್ಚಿದಂಗಾ, ಉರಿದಂಗಾ, ಹಿಂಡಿದಂಗಾ?" ಡಾಕ್ಟರು ಕೇಳಿದರು.

"ಹಿಂಡಿದಂಗೆ ಸಾರ್. ಒದ್ದೆ ಬೆಡ್‌ಶೀಟನ್ನ ಇಬ್ರು ಎರಡು ಕಡೆಯಿಂದ ತಿರುಚ್ತಾರಲ್ಲ, ಹಂಗೆ. ಒಂದೊಂದ್ಸಲ ಉರಿಯುತ್ತೆ. ಬೆನ್ನಿಗೂ ಹೋಗುತ್ತೆ."

"ಕೇಳಿದ್ದರಲ್ಲಿ ಒಂದು ಹೇಳಮ್ಮ."

ಅವಳು ಸೀರೆಯ ನೆರಿಗೆ ಸರಿಮಾಡಿಕೊಂಡಳು.

"ಗಂಡ ಕುಡೀತಾನಾ?"

"ಇಲ್ಲ ಸಾರ್."

"ಹೊಡೀತಾನಾ?"

"ಇಲ್ಲ ಸಾರ್."

ಆ ಉತ್ತರ ಡಾಕ್ಟರ ಕೆಲಸವನ್ನು ಕಷ್ಟ ಮಾಡಿದಂತೆ ಕಂಡಿತು. "ಯೋಚನೆ ಜಾಸ್ತಿ ಮಾಡ್ತೀಯ ನೀನು," ಎಂದರು.

"ನೋವು ಬಂದಾಗ ಯೋಚನೆ ಬರುತ್ತೆ ಸಾರ್."

"ಅದನ್ನೇ ತಿರುಗಿಸಿ ಹೇಳ್ತಾ ಇದೀನಿ. ಯೋಚನೆ ಬಂದಾಗ ನೋವು ಬರುತ್ತೆ. ಮನಸ್ಸಿಗೆ ಮಾತ್ರೆ ಬರೀತೀನಿ, ಊಟ ಆದ್ಮೇಲೆ ತಗೋ."

"ಸಾರ್, ಕೂತು ಕೆಲಸ ಮಾಡ್ಬೇಕು ಅಂತ ಒಂದು ಚೀಟಿ..."

"ಏನಂತ ಬರೀಲಿ? ಕಾಯಿಲೆ ಅಂತ ಒಂದು ಇರ್ಬೇಕಲ್ಲ. ಇಲ್ಲದ್ದನ್ನ ಬರೆದ್ರೆ ನನ್ನ ಕೆಲಸ ಹೋಗುತ್ತೆ."

"ಬರೀದಿದ್ರೆ ನಂದು ಹೋಗುತ್ತೆ ಸಾರ್."

ಡಾಕ್ಟರು ಬಾಗಿಲ ಕಡೆ ನೋಡಿ ಮುಂದಿನವರನ್ನು ಕರೆದರು.

ಅವಳು ಲಿಫ್ಟಿನಲ್ಲಿ ಕೆಳಗಿಳಿಯುವಷ್ಟರಲ್ಲಿ ಸುದ್ದಿ ಅವಳಿಗಿಂತ ಮೊದಲೇ ಇಳಿದಿತ್ತು. "ಏನೂ ಇಲ್ವಂತಲ್ಲ!" ಎಂದ ಮೇಸ್ತ್ರಿ. "ಅಷ್ಟು ದೊಡ್ಡ ಡಾಕ್ಟರಿಗೆ ಸಿಗ್ದೇ ಇರೋ ನೋವು ನಿಂಗೊಬ್ಬಳಿಗೆ ಎಲ್ಲಿಂದ ಸಿಕ್ತೇ? ಹೋಗು, ರೋಲರ್ ಕಾದಿದೆ."

ಮನೆ ಅಂದರೆ ಒಂದು ಕೋಣೆ, ಅದರೊಳಗೆ ಒಂದು ಪರದೆ. ಪರದೆಯ ಆಚೆ ಅತ್ತೆ ಮತ್ತು ಮಗಳು ಮಲಗುತ್ತಿದ್ದರು. ಗಂಡ ಮನೆಗಳಿಗೆ ಬಣ್ಣ ಬಳಿಯುವವನು. ಸೀಮೆಎಣ್ಣೆ ಹಾಕಿ ಎಷ್ಟು ಉಜ್ಜಿದರೂ ಅವನ ಮೊಣಕೈಯ ಕೂದಲಿನಲ್ಲಿ ಯಾರದೋ ಗೋಡೆಯ ಬಣ್ಣ ಉಳಿದಿರುತ್ತಿತ್ತು. ಅವಳು ಬರುವಷ್ಟರಲ್ಲಿ ಅವನು ನೀರು ಕಾಯಿಸಿ, ಬಾಟಲಿಗೆ ತುಂಬಿ, ತನ್ನ ಹಳೆಯ ಬನಿಯನ್ ಸುತ್ತಿ ಇಟ್ಟಿದ್ದ.

"ಏನಂದ್ರು?"

"ಏನೂ ಇಲ್ವಂತೆ."

"ಸದ್ಯ," ಎಂದು ಅವನು ಉಸಿರು ಬಿಟ್ಟ.

"ಏನು ಸದ್ಯ?"

"ಗಡ್ಡೆ ಗಿಡ್ಡೆ ಇಲ್ಲ ಅಂದ್ರೆ ಸದ್ಯ ಅನ್ದೆ ಅಯ್ಯೋ ಅನ್ಲಾ?"

"ಗಡ್ಡೆ ಇದ್ದಿದ್ರೇ ಚೆನ್ನಾಗಿತ್ತು."

ಬಾಟಲಿ ಹಿಡಿದ ಅವನ ಕೈ ಅರ್ಧದಲ್ಲಿ ನಿಂತಿತು. ಪರದೆಯ ಆಚೆಯಿಂದ ಅತ್ತೆ, "ಬಿಡ್ತು ಅನ್ನೇ! ಸಂಜೆ ಹೊತ್ತು ಎಂಥ ಮಾತು ಆಡ್ತೀಯ?" ಎಂದು ಗದರಿದಳು. ಉದ್ದಿ ಬಾಟಲಿಯನ್ನು ಕಿತ್ತುಕೊಂಡು ಗೋಡೆಯ ಕಡೆ ತಿರುಗಿ ಮಲಗಿದಳು. ಬಿಡ್ತು ಅನ್ನಲಿಲ್ಲ. ಅತ್ತೆಯೇ ಸ್ವಲ್ಪ ಹೊತ್ತಿನ ಮೇಲೆ ಅವಳ ಪರವಾಗಿ ಮೂರು ಸಲ ಬಿಡ್ತು ಬಿಡ್ತು ಎಂದುಕೊಂಡಳು.

ಉಪಾಯ ರೇಡಿಯೋಳದು. ಊಟದ ಹೊತ್ತಿನಲ್ಲಿ, ಕೊಳೆ ಬಟ್ಟೆಯ ಗಂಟುಗಳ ಮೇಲೆ ಕೂತು ಡಬ್ಬಿ ಬಿಚ್ಚುವಾಗ ಅದು ಹೊರಬಿತ್ತು.

"ನಿನ್ನ ನೋವು ಅವರಿಗೆ ಅರ್ಥ ಆಗಲ್ಲ ಕಣೇ. ಅವರಿಗೆ ಗೊತ್ತಿರೋ ನೋವು ಹೇಳು."

"ಅಂದ್ರೆ?"

"ನಮ್ಮ ಮೈದುನಂಗೆ ಅಪೆಂಡಿಕ್ಸ್ ಆಗಿತ್ತಲ್ಲ, ನಾನೇ ಪಕ್ಕದಲ್ಲಿ ಇದ್ದೆ. ಮೊದ್ಲು ಹೊಕ್ಕಳ ಸುತ್ತ ಶುರುವಾಯ್ತು ಅನ್ನು. ಆಮೇಲೆ ಬಲಗಡೆ ಕೆಳಕ್ಕೆ ಇಳೀತು ಅನ್ನು. ಇಲ್ಲಿ, ಸೊಂಟದ ಮೂಳೆ ಹತ್ರ. ಅವರು ಒತ್ತುತಾರೆ. ಒತ್ತಿದಾಗ ಸುಮ್ನೆ ಮುಖ ಕಿವುಚು ಸಾಕು. ಕೈ ತೆಗೀತಾರಲ್ಲ, ಆವಾಗ ಕಿರುಚು."

"ಕೈ ತೆಗ್ದಾಗ ಯಾರಾದ್ರೂ ಕಿರುಚ್ತಾರಾ?"

"ಅದೇ ಅದರ ಗುಟ್ಟು! ಅದೊಂದು ಮಾಡಿದ್ರೆ ಅವರು ಬೇರೇನೂ ಕೇಳಲ್ಲ."

"ಕುಯ್ದುಬಿಟ್ರೆ?" ಎಂದಳು ದೊಡ್ಡಕ್ಕ.

"ಯಾಕೆ ಕುಯ್ತಾರೆ? ನಮ್ಮ ಮೈದುನಂಗೆ ಮೊದಲ ಸಲ ಮಾತ್ರೆ ಕೊಟ್ಟು ಮನೆಗೆ ಕಳಿಸಿದ್ರು. ಚೀಟೀಲಿ ದೊಡ್ಡದಾಗಿ ಹೆಸರು ಬರೆದಿದ್ರು. ಆ ಚೀಟಿ ತಗೊಂಡು ಆ ಬೋಳಿಮಗನ ಮೂಗಿನ ಮುಂದೆ ಹಿಡಿ. ಬೀರುವಿನ ಮೇಲಿಂದ ಸ್ಟೂಲು ತಾನಾಗೇ ಇಳಿಯುತ್ತೆ."

ಭಾನುವಾರ ಆರಿಸಿಕೊಂಡರು. ಭಾನುವಾರ ದೊಡ್ಡ ಡಾಕ್ಟರು ಇರುವುದಿಲ್ಲ, ತುರ್ತು ವಿಭಾಗದಲ್ಲಿ ಅವಳನ್ನು ಗುರುತಿಸುವವರಿಲ್ಲ. ಜ್ವರವೂ ಇರಬೇಕು ಎಂದು ರೇಡಿಯೋಗೆ ಕೊನೆ ಗಳಿಗೆಯಲ್ಲಿ ನೆನಪಾಯಿತು. ರೋಲರಿನಿಂದ ಬಂದ ದಿಂಬಿನ ಚೀಲವೊಂದನ್ನು ಬಿಗಿಯಾಗಿ ಮಡಿಸಿ ಉದ್ದಿಯ ಕಂಕುಳಿಗೆ ತುರುಕಿದಳು. "ಮೇಲೆ ಹೋಗೋತನಕ ಕೈ ಎತ್ತಬೇಡ. ಮೇಲೆ ಹೋದ್ಮೇಲೆ ಕಕ್ಕಸಿಗೆ ಹೋಗಿ ತೆಗೆದು ಬಿಸಾಕು."

ಉದ್ದಿಗೆ ನಟಿಸುವುದು ಬರುತ್ತಿರಲಿಲ್ಲ. ಬರಬೇಕಾಗಿಯೂ ಇರಲಿಲ್ಲ. ಬೆಳಿಗ್ಗೆಯಿಂದ ಎಡಗಡೆ ಹಿಂಡುತ್ತಿದ್ದ ನೋವಿಗೆ ಮುಖ ತಾನೇ ಬೆವರಿತ್ತು. ಅವಳು ಮಾಡಬೇಕಾಗಿದ್ದದ್ದು ಬಲಗಡೆ ಕೈ ಇಟ್ಟುಕೊಳ್ಳುವುದು, ಅಷ್ಟೇ. ಕಂಕುಳಲ್ಲಿಟ್ಟ ಥರ್ಮಾಮೀಟರು ಏರಿತು. ಡ್ಯೂಟಿ ಡಾಕ್ಟರು ಒತ್ತಿದರು, ಕೈ ತೆಗೆದರು. ಅವಳು ಕಿರುಚಿದಳು. ರಕ್ತದ ಪರೀಕ್ಷೆಯಲ್ಲಿ ಬಿಳಿಕಣ ಸ್ವಲ್ಪ ಹೆಚ್ಚು ಬಂತು. ಯಾಕೆ ಬಂತು ಎಂದು ಯಾರಿಗೂ ಗೊತ್ತಾಗಲಿಲ್ಲ, ಆಮೇಲೂ. ಸ್ಕ್ಯಾನ್ ಕೋಣೆಗೆ ಭಾನುವಾರ ಬೀಗ. ಸರ್ಜನ್ ಬಂದು ಒಂದು ಸಲ ಮುಟ್ಟಿ ನೋಡಿ, "ಇವತ್ತೇ ತೆಗೆದುಬಿಡೋಣ," ಎಂದರು.

"ಮಾತ್ರೆ ಕೊಡಿ ಸಾರ್ ಸಾಕು. ಚೀಟಿ ಕೊಡಿ."

"ಮಾತ್ರೆ ಎಲ್ಲಾ ಆಗಲ್ಲಮ್ಮ. ಒಡೆದುಹೋದ್ರೆ ಜೀವಕ್ಕೇ ಅಪಾಯ. ಮನೆಯವರನ್ನ ಕರೆಸು."

ಸರ್ಜನ್ ಅವಳ ಭುಜ ತಟ್ಟಿದರು. ನೋವು ತೋರಿಸಿಕೊಳ್ಳುತ್ತಿದ್ದ ಮೂರು ವರ್ಷದಲ್ಲಿ ಈ ಆಸ್ಪತ್ರೆಯ ಯಾವ ಡಾಕ್ಟರೂ ಹಾಗೆ ತಟ್ಟಿರಲಿಲ್ಲ. ನರ್ಸು ಮಂಚದ ತಲೆಭಾಗ ಎತ್ತಿಕೊಟ್ಟಳು, ಕಾಲಿಗೆ ಹೊದಿಕೆ ಹೊದಿಸಿದಳು, ನೀರು ಕುಡಿಯಬೇಡಿ ಎಂದು ಬಹುವಚನದಲ್ಲಿ ಹೇಳಿದಳು.

ಗಂಡ ಕೆಲಸದ ಜಾಗದಿಂದ ಹಾಗೇ ಓಡಿ ಬಂದ. ಅಂಗಿಯ ಮೇಲೆ ಹಸಿ ಬಣ್ಣ. ನರ್ಸು ತೋರಿಸಿದ ಕಡೆ ಸಹಿ ಹಾಕುವ ಮೊದಲು ಅವನು ಅವಳ ಹೊಟ್ಟೆಯ ಬಲಗಡೆ ಪೆನ್ನಿನಿಂದ ಎಳೆದ ಗುರುತನ್ನು ನೋಡಿದ.

"ನಿಂಗೆ ನೋವು ಎಡಗಡೆ ಅಲ್ವಾ?"

ಅವಳು ಹೊದಿಕೆಯನ್ನು ಗುರುತಿನ ಮೇಲೆ ಎಳೆದುಕೊಂಡಳು.

"ಸಿಸ್ಟರ್, ಇವಳಿಗೆ ಎಡಗಡೆ ನೋಯೋದು. ನಾನೇ ದಿನಾ ಬಾಟ್ಲಿ ಇಡೋದು, ನಂಗೆ ಗೊತ್ತಿಲ್ವಾ?"

"ಡಾಕ್ಟರಿಗಿಂತ ನಿಮಗೆ ಜಾಸ್ತಿ ಗೊತ್ತಾ? ಸಹಿ ಹಾಕಿ, ಲೇಟಾಗ್ತಿದೆ."

ಅವನು ಹೆಂಡತಿಯ ಮುಖ ನೋಡಿದ. ನಿಜ ಹೇಳುವುದಿದ್ದರೆ ಆಗ ಹೇಳಬಹುದಿತ್ತು. ಅವಳು ಬಾಯಿಯನ್ನೂ ತೆರೆದಳು. ಆದರೆ ಆ ಹೊತ್ತಿಗೆ ಅವಳ ತಲೆಯೊಳಗೆ ಸ್ಟೂಲು ಇರಲಿಲ್ಲ, ಚೀಟಿಯೂ ಇರಲಿಲ್ಲ. ಬಲಗಡೆ ತೆರೆದರೇನು, ಎಡಗಡೆ ತೆರೆದರೇನು, ಒಳಗೆ ಹೋದ ಮೇಲೆ ನೋಡುತ್ತಾರಲ್ಲ. ಕೊಳವೆಗೆ ಕಾಣದ್ದು, ಸ್ಕ್ಯಾನಿಗೆ ಕಾಣದ್ದು ಕಣ್ಣಿಗೆ ಕಾಣಬಹುದಲ್ಲ.

"ಹಾಕು," ಎಂದಳು. "ಎಲ್ಲಾ ಒಂದೇ ಹೊಟ್ಟೆ."

ಬೆಳಿಗ್ಗೆ ಸರ್ಜನ್ ಸುತ್ತು ಬಂದಾಗ ಅವಳಿಗೆ ಚೆನ್ನಾಗಿ ಎಚ್ಚರವಿತ್ತು. ಹೊಲಿಗೆ ಉರಿಯುತ್ತಿತ್ತು. ಅದು ಬೇರೆ ನೋವು, ಎಲ್ಲಿಂದ ಎಲ್ಲಿಯವರೆಗೆ ಎಂದು ಬೆರಳಿಟ್ಟು ತೋರಿಸಬಹುದಾದ ನೋವು. ಅದರ ಆಚೆ, ಎಡಗಡೆ, ಹಳೆಯದು ತನ್ನ ಜಾಗದಲ್ಲೇ ಇತ್ತು.

"ಸಾರ್, ಒಳಗೆಲ್ಲಾ ನೋಡಿದ್ರಾ?"

"ಏನು?"

"ಹೊಟ್ಟೆ ತೆಗ್ದಾಗ. ಎಡಗಡೆನೂ ನೋಡಿದ್ರಾ?"

"ಅಪೆಂಡಿಕ್ಸಿಗೆ ಹೋದವರು ಅಪೆಂಡಿಕ್ಸ್ ನೋಡ್ತೀವಮ್ಮ. ಇಷ್ಟುದ್ದ ತೂತು, ಅದರಲ್ಲಿ ಊರೆಲ್ಲಾ ಸುತ್ತೋಕಾಗುತ್ತಾ?" ಅವರು ನಗುತ್ತ ಪಕ್ಕದಲ್ಲಿದ್ದ ಹುಡುಗನಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿದರು. ಮಾತಿನ ನಡುವೆ ನಾರ್ಮಲ್ ಎಂಬ ಪದ ಬಂತು. ಆ ಭಾಷೆಯಲ್ಲಿ ಅವಳಿಗೆ ಚೆನ್ನಾಗಿ ಗೊತ್ತಿದ್ದದ್ದು ಅದೊಂದೇ.

"ತೆಗ್ದಿದ್ದು ಚೆನ್ನಾಗೇ ಇತ್ತಾ ಸಾರ್?"

ಸರ್ಜನ್ ಮುಂದಿನ ಹಾಸಿಗೆಗೆ ಹೊರಟಿದ್ದವರು ನಿಂತರು. "ಇರ್ಲಿ ಬಿಡು. ಇನ್ನು ಯಾವತ್ತೂ ತೊಂದರೆ ಕೊಡಲ್ಲ ಅದು," ಎಂದರು.

ಬಿಡುಗಡೆಯ ದಿನ ಚೀಟಿ ಸಿಕ್ಕಿತು. ಮೇಲೆ ಕಾಯಿಲೆಯ ಹೆಸರು. ಕೆಳಗೆ, ಭಾರ ಎತ್ತಬಾರದು, ನಿಂತು ಮಾಡುವ ಕೆಲಸ ಬೇಡ ಎಂದು ಒಂದು ಸಾಲು. ರೇಡಿಯೋ ಅದನ್ನು ನೋಡಲು ಬಂದವಳು ಮಂಚದ ಹತ್ತಿರ ನಿಂತೇ ಇದ್ದಳು.

"ನಿನ್ನ ಹೊಟ್ಟೆ ಕುಯ್ಸಿಬಿಟ್ನಲ್ಲೇ ನಾನು," ಎಂದಳು ಕೊನೆಗೆ.

"ಸುಮ್ನಿರು. ನಿನ್ನ ಮೈದುನ ಹೆಂಗಿದಾನೆ?"

"ಆ ಮುಂಡೇದು ಗುಂಡುಕಲ್ಲಿನ ಹಂಗಿದಾನೆ."

ನಗಲು ಹೋಗಿ ಉದ್ದಿ ಹೊಲಿಗೆ ಹಿಡಿದುಕೊಂಡಳು.

ಮೇಸ್ತ್ರಿ ಚೀಟಿಯನ್ನು ಎರಡು ಸಲ ಓದಿ, ಕುರ್ಚಿ ಹತ್ತಿ ಸ್ಟೂಲನ್ನು ಇಳಿಸಿಕೊಟ್ಟ. ಅವನ ಧ್ವನಿಯಲ್ಲಿ ಮರ್ಯಾದೆಯೂ ಇತ್ತು. "ಮೊದ್ಲೇ ಹೇಳ್ಬಾರ್ದಾ ಇಂಥದ್ದಿದೆ ಅಂತ? ಗುಣವಾಗೋತನಕ ಕೂತ್ಕೋ."

ಅವಳು ಕೂತಳು. ದಿಂಬಿನ ಚೀಲ ಮಡಿಸಿದಳು, ಆಪರೇಷನ್ ಕೋಣೆಯ ಹಸಿರು ಬಟ್ಟೆಗಳನ್ನು ಮಡಿಸಿ ಗಂಟು ಕಟ್ಟಿದಳು. ಕೂತಾಗ ನೋವು ಹೋಗುತ್ತಿರಲಿಲ್ಲ. ಆದರೆ ಅದು ಬಂದಾಗ ಮುಂದಕ್ಕೆ ಬಾಗಿ, ಹಣೆಯನ್ನು ಟೇಬಲ್ಲಿಗೆ ಒತ್ತಿ, ಅದು ಇಳಿಯುವವರೆಗೆ ಉಸಿರು ಹಿಡಿದಿರಬಹುದಿತ್ತು. ಬೀಳುವ ಭಯ ಇರಲಿಲ್ಲ. ಅಷ್ಟರ ಮಟ್ಟಿಗೆ ಅವಳು ಆ ವಾರಗಳಲ್ಲಿ ಸುಖವಾಗಿದ್ದಳು. ಮನೆಯಲ್ಲಿ ಗಂಡ ಬಾಟಲಿಯನ್ನು ಎಡಗಡೆಯೇ ಇಡುತ್ತಿದ್ದ. ಆಪರೇಷನ್ ಬಗ್ಗೆ ಮತ್ತೆ ಒಂದು ಮಾತೂ ಕೇಳಲಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಮೇಸ್ತ್ರಿ ಟೇಬಲ್ಲಿನ ಹತ್ತಿರ ಬಂದು ನಿಂತ.

"ಹೊಲಿಗೆ ಒಣಗ್ತಲ್ಲ. ಏಳು. ರೋಲರ್‌ಗೆ ಹೋಗು."

"ನೋವಿದೆ ಸಾರ್."

"ಯಾವ ನೋವೇ? ಕಾಯಿಲೆ ತೆಗೆದು ಬಿಸಾಕಿದಾರೆ. ಇಲ್ಲದೇ ಇರೋ ಅಪೆಂಡಿಕ್ಸ್ ಹೆಂಗೆ ನೋಯುತ್ತೆ?"

"ಅದು ಯಾವತ್ತೂ ನೋಯ್ಲಿಲ್ಲ ಸಾರ್. ನೋಯ್ತಾ ಇದ್ದಿದ್ದು ಬೇರೆ."

"ಏನಂದೆ?"

ರೋಲರಿನ ಸದ್ದಿನಲ್ಲೂ ಅದು ಎಲ್ಲರಿಗೂ ಕೇಳಿತು. ರೇಡಿಯೋ ತಲೆ ಅಲ್ಲಾಡಿಸಿ ಬೇಡ ಬೇಡ ಎಂದು ಸನ್ನೆ ಮಾಡಿದಳು. ಉದ್ದಿ ಅವಳ ಕಡೆ ನೋಡಲಿಲ್ಲ.

"ಅದಕ್ಕೆ ಏನೂ ಆಗಿರ್ಲಿಲ್ಲ. ಸ್ಟೂಲು ಸಿಗ್ಲಿ ಅಂತ ಸುಳ್ಳು ಹೇಳಿ ಕುಯ್ಸಿಕೊಂಡೆ. ಅಷ್ಟು ಕೊಟ್ಟು ತಗೊಂಡಿದ್ದು ಸಾರ್ ಇದು. ಏಳಲ್ಲ."

ಮೇಸ್ತ್ರಿ ಬೂಟುಗಾಲಿನಿಂದ ಸ್ಟೂಲಿನ ಕಾಲಿಗೆ ಒದ್ದ. "ಥೂ, ಬಿಕನಾಸಿ! ಆಸ್ಪತ್ರೆಗೇ ಮೋಸ ಮಾಡ್ತೀಯಾ? ಈಗ್ಲೇ ಹೊರಗೆ ಹೋಗು."

ಸ್ಟೂಲು ಜಾರಿತು. ಅವಳು ಪಕ್ಕಕ್ಕೆ ಬಿದ್ದಳು. ಬಿದ್ದ ಹೊಡೆತಕ್ಕೆ ಎಡಗಡೆಯ ನೋವು ತಿರುಚಿಕೊಂಡು ಮೇಲೆದ್ದು ಬೆನ್ನಿಗೆ ಹೋಯಿತು. ಮೇಸ್ತ್ರಿ ಸ್ಟೂಲನ್ನು ಎತ್ತಿಕೊಂಡು ಕೋಣೆಯ ಕಡೆ ನಡೆದ. ಅವಳು ಟೇಬಲ್ಲಿನ ಕಾಲು ಹಿಡಿದು ಏಳಲು ನೋಡಿದಳು. ಅರ್ಧ ಎದ್ದು ನಿಂತಳು. ಮತ್ತೆ, ನಿಧಾನವಾಗಿ, ಸೆರಗನ್ನು ಸರಿಮಾಡಿಕೊಂಡು, ತಾನಾಗಿಯೇ ನೆಲದ ಮೇಲೆ ಕೂತಳು. ಗೇಟಿನ ಕಡೆ ಹೋಗಲಿಲ್ಲ, ರೋಲರಿನ ಕಡೆಯೂ ಹೋಗಲಿಲ್ಲ. ಟ್ರಾಲಿಗಳು ಓಡಾಡುವ ದಾರಿಯ ನಡುವೆ ಕಾಲು ಚಾಚಿಕೊಂಡಳು.

ರೇಡಿಯೋ ಕೈಯಲ್ಲಿದ್ದ ಬೆಡ್‌ಶೀಟಿನ ತುದಿ ಬಿಟ್ಟು ಬಂದು ಅವಳ ಪಕ್ಕದಲ್ಲಿ ಕೂತಳು. "ಅಮ್ಮಾ, ಎಷ್ಟು ತಣ್ಣಗಿದೆಯೇ ನೆಲ!" ಎಂದಳು. ಒಗೆಯುವ ಮೆಷಿನ್ನಿನ ಹತ್ತಿರ ಇದ್ದ ಇಬ್ಬರು ಬಂದರು. ಹಿಂಡುವ ಮೆಷಿನ್ನಿನವಳು ಬಂದಳು. ಕೊನೆಗೆ ದೊಡ್ಡಕ್ಕ ಹೆರಿಗೆ ಕೋಣೆಯ ಗಂಟನ್ನು, ತುರ್ತು ವಿಭಾಗದ ಗಂಟನ್ನು ಬೇರೆ ಮಾಡಿ ಲಿಫ್ಟಿಗೆ ಹಾಕಿ ಮೇಲೆ ಕಳಿಸಿದಳು. ವಾಪಸು ಬಂದು ಎರಡೂ ರೋಲರುಗಳ ಬಿಸಿಯನ್ನು ಆರಿಸಿದಳು. ಒಮ್ಮೆ ಆರಿದ ರೋಲರು ಮತ್ತೆ ಕಾಯಲು ಒಂದೂವರೆ ಗಂಟೆ ಬೇಕು. ಅದು ಗೊತ್ತಿದ್ದೇ ಅವಳು ಆರಿಸಿ, ಮೊಣಕಾಲು ಹಿಡಿದುಕೊಂಡು ನೆಲಕ್ಕೆ ಇಳಿದಳು.

"ಏಳ್ರೇ! ಒಬ್ಬೊಬ್ಬಳನ್ನೂ ಮನೆಗೆ ಕಳಿಸ್ತೀನಿ! ಏನು ರೋಗ ಬಂದಿದೆ ನಿಮಗೆಲ್ಲಾ?"

"ಗೊತ್ತಿಲ್ಲ ಸಾರ್," ಎಂದಳು ದೊಡ್ಡಕ್ಕ. "ಡಾಕ್ಟರಿಗೂ ಗೊತ್ತಾಗಲ್ಲ."

ಕೋಣೆಯ ಫೋನು ಬಡಿದುಕೊಳ್ಳತೊಡಗಿತು. ಆಪರೇಷನ್ ಕೋಣೆಯಿಂದ, ಹಸಿರು ಬಟ್ಟೆ ಎಲ್ಲಿ ಎಂದು. ಮೇಸ್ತ್ರಿ ಒಳಗೆ ಓಡಿ, ನಿಂತೇ ಮಾತಾಡಿದ. "ಮೆಷಿನ್ ಕೆಟ್ಟಿದೆ ಸಾರ್... ಹೌದು ಸಾರ್, ಎರಡೂ ಸಾರ್..."

"ಮೆಷಿನ್ನಿಗೆ ಏನೂ ಆಗಿಲ್ಲ ಸಾರ್!" ರೇಡಿಯೋ ನೆಲದ ಮೇಲಿಂದಲೇ ಕೂಗಿದಳು. "ಎಲ್ಲಾ ನಾರ್ಮಲ್ ಇದೆ!"

ಯಾರೋ ಕಿಸಕ್ಕೆಂದರು. ಉದ್ದಿ ನಗಲಿಲ್ಲ. ಅವಳು ಎರಡೂ ಕೈಗಳನ್ನು ಎಡ ಪಕ್ಕೆಯ ಕೆಳಗೆ ಒತ್ತಿ, ಹಣೆಯನ್ನು ಮೊಣಕಾಲಿಗೆ ಊರಿ, ಅದು ಇಳಿಯುವುದನ್ನು ಕಾಯುತ್ತಿದ್ದಳು.

ಒಂಬತ್ತು ಗಂಟೆಗೆ ಇದ್ದ ಮೊದಲ ಆಪರೇಷನ್ ಮಧ್ಯಾಹ್ನಕ್ಕೆ ಹೋಯಿತು. ಮಧ್ಯಾಹ್ನದ್ದು ಮರುದಿನಕ್ಕೆ ಹೋಯಿತು.